ಡಾಕ್ಟರ ಟೆಲಿಸ್ಕೋಪಿಗೆ ನಾನು ಕಟ್ಟಿದ ಕಂಬ

ನನ್ನ ಹೆಂಡತಿಗೆ ಆಕಾಶದ ಹುಚ್ಚು ಹಿಡಿದದ್ದರಿಂದ ನನಗೇನೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ಆ ಹುಚ್ಚಿಗೆ ಅಂಕೋಲೆಯಲ್ಲಿ ಒಬ್ಬ ಜೊತೆಗಾರ ಸಿಕ್ಕಿದ ಮೇಲೆ.

ಅವಳು ಕಾರವಾರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ನಾನು ಮನೆ ಕಟ್ಟಿಸುವ ಕಂತ್ರಾಟುದಾರ. ಕಾರವಾರದ ಅಂಚಿನ ಶಿರವಾಡದಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯ ಆಚೀಚೆ ಈಗ ಕಾಣುವ ಮನೆಗಳಲ್ಲಿ ಬಹಳಷ್ಟು ನನ್ನ ಕೈಯಿಂದ ಎದ್ದವು. ನಮ್ಮ ಮನೆಯೂ ಅಲ್ಲೇ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವಿಬ್ಬರೂ ಜಗಳವಾಡಿದ್ದು ಕಡಿಮೆ, ಮಾತಾಡಿದ್ದೂ ಕಡಿಮೆ. ನಾನು ಕೆಲಸದಿಂದ ಬಂದು ಸಿಮೆಂಟಿನ ಕತೆ ಹೇಳಿದರೆ ಅವಳು ‘ಹೂಂ’ ಅನ್ನುತ್ತಿದ್ದಳು. ಅವಳು ಶಾಲೆಯ ಕತೆ ಹೇಳಿದರೆ ನಾನು ‘ಹೌದಾ’ ಅನ್ನುತ್ತಿದ್ದೆ. ಸಂಸಾರ ಅಂದರೆ ಇಷ್ಟೇ ಅಂದುಕೊಂಡಿದ್ದೆ. ಅವಳಿಗೆ ಗಂಟೆಗಟ್ಟಲೆ ಮಾತಾಡಲು ಬರುತ್ತದೆ ಅಂತ ನನಗೆ ಗೊತ್ತಾದದ್ದೇ ಡಾಕ್ಟರು ಬಂದ ಮೇಲೆ.

ಡಾಕ್ಟರು ಅಂದರೆ ದನದ ಡಾಕ್ಟರು. ನಿವೃತ್ತಿಯಾಗಿ ಅಂಕೋಲೆಯ ಬೊಬ್ರುವಾಡದ ಮನೆಯಲ್ಲಿ ಹೆಂಡತಿಯ ಜೊತೆ ಇದ್ದಾರೆ. ಹಿತ್ತಲಿನಲ್ಲಿ ತಗಡಿನ ಮಾಡು ಹಾಕಿದ ಸಣ್ಣ ಕೋಣೆಯೊಂದನ್ನು ಕಟ್ಟಿಕೊಂಡಿದ್ದರು. ಆ ಮಾಡಿಗೆ ಗಾಲಿ ಇತ್ತು, ದೂಡಿದರೆ ಹಳಿಯ ಮೇಲೆ ಉರುಳಿ ಹಿಂದಕ್ಕೆ ಹೋಗುತ್ತಿತ್ತು, ಕೋಣೆಗೆ ಆಕಾಶವೇ ಮಾಡಾಗುತ್ತಿತ್ತು. ನಡುವೆ ಒಂದು ಗಟ್ಟಿ ಕಂಬ, ಅದರ ತಲೆಯ ಮೇಲೆ ಡೋಲಿನಂಥ ದಪ್ಪ ಟೆಲಿಸ್ಕೋಪು. ಒಂದು ಗ್ರಹಣದ ದಿನ ನನ್ನ ಹೆಂಡತಿ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಅಲ್ಲಿಗೆ ಕರಕೊಂಡು ಹೋಗಿದ್ದಳು. ಮಕ್ಕಳಿಗೆ ಅದು ಒಂದು ದಿನದ ಗಮ್ಮತ್ತು, ಮರೆತವು. ಇವಳು ಮರೆಯಲಿಲ್ಲ. ಮುಂದಿನ ಭಾನುವಾರ, ‘ಅಂಕೋಲೆಗೆ ಹೋಗೂನ?’ ಅಂದಳು. ಮೀನಿಗೇನೋ ಅಂದುಕೊಂಡು ಕಾರು ತೆಗೆದೆ.

ಹಾಗೆ ಶುರುವಾದದ್ದು. ತಿಂಗಳಿಗೆ ಒಂದೆರಡು ಸಲ ಸಂಜೆ ಹೋಗುತ್ತಿದ್ದೆವು. ಅವರಿಬ್ಬರೂ ಹಿತ್ತಲಿನ ಕೋಣೆಗೆ ಹೋಗುವರು, ನಾನು ಜಗಲಿಯಲ್ಲಿ ಡಾಕ್ಟರ ಹೆಂಡತಿಯ ಜೊತೆ ಚಾ ಕುಡಿಯುತ್ತ ಕೂರುವವನು. ಆ ಅಮ್ಮನವರು ದಪ್ಪ ದೇಹದ, ಯಾವಾಗಲೂ ನಗುವ ಹೆಂಗಸು. ಹಿತ್ತಲಿನಿಂದ ನನ್ನ ಹೆಂಡತಿಯ ಧ್ವನಿ ಕೇಳುತ್ತಿತ್ತು. ಮನೆಯಲ್ಲಿ ಕೇಳದ ಧ್ವನಿ ಅದು, ಹುಡುಗಿಯರು ಮಾತಾಡಿದ ಹಾಗೆ, ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು.

‘ನಿಮಗೆ ಬೇಜಾರಾಗೂದಿಲ್ವಾ, ಇಲ್ಲಿ ಸುಮ್ನೆ ಕೂತು?’ ಅಂತ ಅಮ್ಮನವರು ಒಮ್ಮೆ ಕೇಳಿದರು.

‘ಇಲ್ಲ, ಎಂತ ಬೇಜಾರು?’ ಅಂದೆ.

‘ನನಗಂತೂ ಇಲ್ಲ. ಅವರಿಗೆ ಮಾತಾಡೂಕೆ ಒಬ್ಬರು ಸಿಕ್ಕಿದ್ರು, ನನ್ನ ಕಿವಿ ಉಳೀತು,’ ಅಂತ ನಕ್ಕರು.

ಅವರ ಹಾಗೆ ನಗಲು ನನಗೆ ಬರಲಿಲ್ಲ. ಹೊಟ್ಟೆಯೊಳಗೆ ಏನೋ ಕುದಿಯುತ್ತಿತ್ತು, ಅದಕ್ಕೆ ಆಗ ನಾನು ಹೆಸರಿಟ್ಟಿರಲಿಲ್ಲ ಅಷ್ಟೇ. ಡಾಕ್ಟರಿಗೆ ನನಗಿಂತ ಹದಿನೈದು ವರ್ಷವಾದರೂ ಹೆಚ್ಚು. ತಲೆ ಪೂರಾ ಬೆಳ್ಳಗೆ, ಮೈ ಒಣಗಿದ ಬಂಗಡೆಯ ಹಾಗೆ. ಅವರ ಮೇಲೆ ಸಂಶಯಪಟ್ಟರೆ ಊರೇ ನಗುತ್ತದೆ ಅಂತ ನನಗೂ ಗೊತ್ತಿತ್ತು. ಆದರೆ ಅವರಿಗೊಂದು ಅಭ್ಯಾಸವಿತ್ತು, ಅದು ನನ್ನನ್ನು ಚುಚ್ಚುತ್ತಿತ್ತು. ನನ್ನ ಹೆಂಡತಿಯ ಜೊತೆ ಮಾತಾಡುವಾಗ ಅವರು ನೇರ ಮುಖ ನೋಡುತ್ತಿರಲಿಲ್ಲ. ಸ್ವಲ್ಪ ಬದಿಗೆ, ಅವಳ ಕಿವಿಯ ಹತ್ತಿರ ನೋಡುತ್ತ, ತಲೆ ಓರೆ ಮಾಡಿ, ಮುಗುಳ್ನಗುತ್ತ ಮಾತಾಡುವರು. ನನಗದು ನಾಚಿಕೆಯ ನೋಟ ಅಂತ ಕಂಡಿತು. ಆ ವಯಸ್ಸಿನ ಗಂಡಸು ಬೇರೆಯವರ ಹೆಂಡತಿಯ ಎದುರು ಯಾಕೆ ನಾಚಬೇಕು?

ಒಂದು ದಿನ ನನ್ನನ್ನೂ ಒಳಗೆ ಕರೆದು ಶನಿಗ್ರಹ ತೋರಿಸಿದರು. ಬಗ್ಗಿ ನೋಡಿದೆ. ಉಂಗುರ ಸಮೇತ ಒಂದು ಚುಕ್ಕಿ, ಅಂಗಡಿಯಲ್ಲಿ ಸಿಗುವ ಸ್ಟಿಕರಿನ ಹಾಗೆ ಅಂಟಿಕೊಂಡಿತ್ತು.

‘ಸ್ಟಿಕರ್ ಹಚ್ಚಿದ ಹಾಗೆ ಕಾಣ್ತದೆ,’ ಅಂದೆ.

ಇಬ್ಬರೂ ನಕ್ಕರು. ಚಲೋ ನಗೆಯೇ, ಅಪಹಾಸ್ಯದ್ದಲ್ಲ. ಆದರೂ ಇಬ್ಬರೂ ಒಟ್ಟಿಗೆ, ಒಂದೇ ಗಳಿಗೆಯಲ್ಲಿ ನಕ್ಕರು. ವಾಪಸ್ ಬರುವಾಗ ಅಮದಳ್ಳಿ ದಾಟುವವರೆಗೂ ನಾನು ಬಾಯಿ ಬಿಡಲಿಲ್ಲ. ಅವಳಿಗೆ ಅದು ಗೊತ್ತೂ ಆಗಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ನೌಕಾನೆಲೆಯ ದೀಪಗಳಿಂದ ಆ ಕಡೆಯ ಆಕಾಶ ಹಾಳಾಗುತ್ತಿದೆ ಅಂತ ಬೇಸರಪಡುತ್ತಿದ್ದಳು.

ಆಮೇಲೆ ಫೋನು. ದಿನಾ ಕತ್ತಲಾಗುವ ಹೊತ್ತಿಗೆ ಅವಳು ಹೊಸದಾಗಿ ಕೊಂಡ ತನ್ನ ಸಣ್ಣ ಟೆಲಿಸ್ಕೋಪನ್ನು ಹಿತ್ತಲಿಗೆ ಒಯ್ಯುವಳು, ಕಿವಿಗೆ ಫೋನು ಸಿಕ್ಕಿಸಿಕೊಳ್ಳುವಳು, ಮೆಲ್ಲಗೆ ಮಾತಾಡುವಳು. ನಾನು ಬಾಗಿಲಿಗೆ ಬಂದರೆ ನಿಲ್ಲಿಸುತ್ತಿರಲಿಲ್ಲ, ಆದರೆ ಧ್ವನಿ ಇನ್ನೂ ತಗ್ಗುತ್ತಿತ್ತು. ಏನಂತೆ ಅಂತ ಕೇಳಿದರೆ, ‘ಎಂತ ಇಲ್ಲ, ಗುರುಗ್ರಹದ್ದು ಕೇಳ್ತಿದ್ರು,’ ಅನ್ನುವಳು. ಗುರುಗ್ರಹ ಅವರ ಮನೆಯ ಮೇಲೂ ಇದೆಯಲ್ಲ, ಇವಳನ್ನು ಯಾಕೆ ಕೇಳಬೇಕು?

ಆ ವರ್ಷದ ಮಳೆಗಾಲ ಮುಗಿದ ಮೇಲೆ ಅವಳೊಂದು ಸುದ್ದಿ ತಂದಳು. ಡಾಕ್ಟರು ತಮ್ಮ ದೊಡ್ಡ ಟೆಲಿಸ್ಕೋಪನ್ನು ಇವಳಿಗೆ ಕೊಡುತ್ತಾರಂತೆ. ಸುಮ್ಮನೆ. ಮೇಲಿಂದ, ಅದನ್ನು ಕೂರಿಸಲು ನಮ್ಮ ಹಿತ್ತಲಿನಲ್ಲಿ ಕಂಬ ಹೇಗಿರಬೇಕು, ಕೋಣೆ ಹೇಗಿರಬೇಕು ಎಂಬ ಚಿತ್ರವನ್ನೂ ಕಳಿಸಿದ್ದರು.

‘ಸುಮ್ನೆ ಎಂತಕ್ಕೆ ಕೊಡ್ತಾರೆ?’ ಅಂದೆ.

‘ಅವರಿಗೆ ಸಾಕಂತೆ.’

‘ಇಷ್ಟು ವರ್ಷ ಸಾಕಾಗದ್ದು ಈಗ ಯಾಕೆ ಸಾಕಾಯ್ತು?’

ಅವಳು ಪಾತ್ರೆ ತೊಳೆಯಲು ಎದ್ದಳು. ಏನೋ ಮುಚ್ಚಿಡುತ್ತಿದ್ದಾಳೆ ಅಂತ ಅವಳ ಬೆನ್ನು ನೋಡಿಯೇ ಗೊತ್ತಾಯಿತು. ಆ ಸಂಜೆ ನಾನು ಮಾಡಿದ ನಿರ್ಧಾರ ಒಂದೇ. ಆ ಮನುಷ್ಯನ ಟೆಲಿಸ್ಕೋಪು ನನ್ನ ಮನೆಗೆ ಬರುವುದಾದರೆ ಬರಲಿ, ಅದು ನಿಲ್ಲುವುದು ಮಾತ್ರ ನಾನು ಕಟ್ಟಿದ ಕಂಬದ ಮೇಲೆ, ನನ್ನ ಲೆಕ್ಕದಲ್ಲಿ.

ಚಿತ್ರವನ್ನು ನಾನು ಸರಿಯಾಗಿ ನೋಡಲೂ ಇಲ್ಲ. ಬಾವಿಯ ಹಿಂದೆ, ಕಂಪೌಂಡಿನ ಒಳಗೆ ಜಾಗ ಗುರುತು ಮಾಡಿದೆ. ನೆಲಕ್ಕೆ ದಪ್ಪ ಕಾಂಕ್ರೀಟು ಹಾಸಿ, ಅದರ ನಡುವಿನಿಂದಲೇ ಕಂಬ ಎಬ್ಬಿಸಿದೆ, ನೆಲವೂ ಕಂಬವೂ ಒಂದೇ ಎರಕ. ಮೂರಂತಸ್ತಿನ ಕಟ್ಟಡಕ್ಕೆ ಸಾಲುವಷ್ಟು ಕಬ್ಬಿಣ ಹಾಕಿದೆ. ಎರಕದ ಹಲಗೆ ಬಿಚ್ಚಿದ ದಿನ ಕಂಬ ಹಾವಿನ ಮೈಯಷ್ಟು ನುಣ್ಣಗಿತ್ತು.

ಅವಳು ಸುತ್ತ ಒಂದು ಬಾರಿ ನಡೆದು, ‘ನೆಲಕ್ಕೂ ಕಂಬಕ್ಕೂ ನಡುವೆ ಸಂದು ಬಿಡೂಕೆ ಹೇಳಿದ್ರಲ್ಲ ಡಾಕ್ಟ್ರು,’ ಅಂದಳು.

‘ಕಾಂಕ್ರೀಟಿನ ವಿಷಯ ದನದ ಡಾಕ್ಟ್ರು ನನಗೆ ಹೇಳಿಕೊಡೂದು ಬೇಡ,’ ಅಂದೆ.

ಅವಳು ಮತ್ತೆ ಮಾತಾಡಲಿಲ್ಲ. ಅದೂ ಸಿಟ್ಟು ತಂದಿತು. ಡಾಕ್ಟರ ಜೊತೆಯಾದರೆ ವಾದ ಮಾಡುತ್ತಿದ್ದಳು.

ಕಾಂಕ್ರೀಟು ಗಟ್ಟಿಯಾದ ಮೇಲೆ, ಕೋಣೆಯ ಗೋಡೆ ಏಳುವ ಮೊದಲು, ಅವಳು ತನ್ನ ಸಣ್ಣ ಟೆಲಿಸ್ಕೋಪನ್ನೇ ಅದರ ಮೇಲೆ ಬಿಗಿದು ಪರೀಕ್ಷೆ ಮಾಡಿದಳು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು, ಅರ್ಧ ಚಂದ್ರ ನೆತ್ತಿಯ ಮೇಲಿದ್ದ. ನಾನು ಕೈ ಹಿಂದೆ ಕಟ್ಟಿಕೊಂಡು ಹೊಸ ನೆಲದ ಮೇಲೆ ಆ ಕಡೆ ಈ ಕಡೆ ತಿರುಗುತ್ತಿದ್ದೆ, ಮಾಲೀಕನ ಹಾಗೆ.

‘ಸ್ವಲ್ಪ ನಿಲ್ಲಿ,’ ಅಂದಳು.

ನಿಂತೆ.

‘ಈಗ ನಡೀರಿ.’

ನಡೆದೆ.

‘ನಿಲ್ಲಿ. ನೆಲದಿಂದ ಕೆಳಗೆ ಇಳಿದು ಮಣ್ಣಿನ ಮೇಲೆ ನಿಲ್ಲಿ.’

ಅಷ್ಟರಲ್ಲಿ ಸ್ಟೇಷನ್ನಿಗೆ ರೈಲು ಬಂತು. ನಮಗೆ ಆ ಸದ್ದು ಎಷ್ಟು ಅಭ್ಯಾಸವೆಂದರೆ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಅವಳು ಕಣ್ಣು ತೆಗೆಯದೆ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು: ‘ಹೌದು ಡಾಕ್ಟ್ರೆ. ಇವರು ನಡೆದ್ರೆ ಚಂದ್ರ ನಡುಗ್ತಾನೆ. ರೈಲು ಬಂದ್ರೆ ಕುಣಿತಾನೆ.’ ಆ ಕಡೆಯಿಂದ ಏನೋ ಹೇಳಿದರು. ಅವಳಿಗೆ ನಗು ಬಂತು, ನನ್ನನ್ನು ನೋಡಿ ತಡೆದುಕೊಂಡಳು.

ತಡೆದುಕೊಳ್ಳದಿದ್ದರೆ ವಾಸಿಯಿತ್ತು. ಹೆಂಡತಿ ಬೇರೊಬ್ಬರ ಜೊತೆ ಸೇರಿ ನನ್ನ ಮೇಲೆ ಕರುಣೆ ತೋರಿಸಿದ ಹಾಗಾಯಿತು. ನಾನು ಕಟ್ಟಿದ್ದು ಗಟ್ಟಿ ಇತ್ತು, ಆನೆ ಬಂದು ಒರಗಿದರೂ ಬೀಳದು. ಆದರೆ ಬೀಳದಿರುವುದೇ ಬೇರೆ, ನಡುಗದಿರುವುದೇ ಬೇರೆ. ನೆಲದ ಮೇಲಿನ ಪ್ರತಿ ಹೆಜ್ಜೆಯನ್ನೂ ನನ್ನ ಒಂದೇ ಎರಕ ಕಂಬಕ್ಕೆ ಸಾಗಿಸುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ನಡುಕವನ್ನು ಟೆಲಿಸ್ಕೋಪು ದೊಡ್ಡದು ಮಾಡಿ ತೋರಿಸುತ್ತಿತ್ತು.

ಮರುದಿನ ಬೆಳಿಗ್ಗೆ ನಾನೇ ಒಡೆಯುವ ಯಂತ್ರ ತರಿಸಿ ಕಂಬ ಒಡೆದೆ. ಹಾಕಿದ ಕಬ್ಬಿಣಕ್ಕೆಲ್ಲ ಬೈದುಕೊಂಡೆ. ಅವಳು ಶಾಲೆಗೆ ಹೊರಡುವ ಮೊದಲು ಮಜ್ಜಿಗೆ ತಂದಿಟ್ಟು, ‘ಇಷ್ಟೆಲ್ಲ ಬೇಡಿತ್ತು. ಹೇಗೋ ಹೊಂದಿಸ್ಕೊಳ್ತಿದ್ದೆ,’ ಅಂದಳು.

‘ನೀನು ಹೊಂದಿಸ್ಕೊಳ್ಳೂದು ಬೇಡ,’ ಅಂದೆ. ‘ಅವರ ಹಿತ್ತಲ ಕಂಬಕ್ಕಿಂತ ಇದು ಚಲೋ ಆಗೂಕೇ ಬೇಕು.’

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಆಗ ಅವಳಿಗೆ ಅರ್ಥವಾಗಿರಬೇಕು. ಚಪ್ಪಲಿ ಹಾಕಿಕೊಂಡು ಶಾಲೆಗೆ ಹೊರಟಳು.

ಎರಡನೇ ಸಲ ನಾನು ಚಿತ್ರವನ್ನು ಬಿಡಿಸಿ ನೋಡಿದೆ, ಬಾಗಿಲು ಹಾಕಿಕೊಂಡು. ಚಲೋ ಚಿತ್ರವೇ. ಗೆರೆಗಳು ಮಾತ್ರ ಕೆಲವು ಕಡೆ ಒಂದರ ಮೇಲೊಂದು ಹತ್ತಿದ್ದವು, ಅಕ್ಷರಗಳು ಸಾಲು ಬಿಟ್ಟು ಜಾರಿದ್ದವು. ಮುದುಕರ ಕೈ ಅಂದುಕೊಂಡೆ. ಕೆಂಪು ಮಣ್ಣು ತೆಗೆದು, ಕೆಳಗಿನ ಗಟ್ಟಿ ಚಿರೇಕಲ್ಲಿನ ಪದರ ಸಿಗುವವರೆಗೂ ಗುಂಡಿ ತೋಡಿಸಿದೆ. ಕಂಬ ಆ ಕಲ್ಲಿನ ಮೇಲೆ ನಿಂತಿತು. ನೆಲದ ಕಾಂಕ್ರೀಟು ಅದರ ಸುತ್ತ ನಾಲ್ಕು ಬೆರಳು ದೂರದಲ್ಲೇ ನಿಂತಿತು, ಎಲ್ಲೂ ತಾಗದೆ. ಎರಕ ಹಸಿಯಿರುವಾಗಲೇ ಕಂಬದ ತಲೆಯಲ್ಲಿ ಮೂರು ಬೋಲ್ಟು ಹುಗಿದೆ, ಉಪ್ಪುಗಾಳಿಗೆ ತುಕ್ಕು ಹಿಡಿಯದಂಥವು. ಉತ್ತರದ ಗೋಡೆಯನ್ನು ತಗ್ಗಿಸಿ ಕಟ್ಟಿದೆ, ಅದೂ ಡಾಕ್ಟರ ಮಾತೇ. ನಮ್ಮ ಕಡೆ ಧ್ರುವ ನಕ್ಷತ್ರ ತೀರಾ ಕೆಳಗೆ ಕಾಣುತ್ತದೆ, ದೂರದ ತೆಂಗಿನ ತಲೆಗಳಿಗಿಂತ ಸ್ವಲ್ಪ ಮೇಲೆ. ಗೋಡೆ ಎತ್ತರವಾದರೆ ಮುಚ್ಚಿಹೋಗುತ್ತದೆ. ಅವರ ಒಂದೊಂದು ಮಾತು ಸರಿಯಾದಾಗಲೂ ನನಗೆ ಹಲ್ಲು ಕಚ್ಚುವಂತಾಗುತ್ತಿತ್ತು.

ಮೇಲಿನ ಉಕ್ಕಿನ ತಟ್ಟೆ ಕೂರಿಸಿ ಮಟ್ಟ ಮಾಡುವ ದಿನ ಡಾಕ್ಟರು, ಅಮ್ಮನವರು ಇಬ್ಬರೂ ಟೆಲಿಸ್ಕೋಪಿನ ಸಮೇತ ಬಾಡಿಗೆ ಕಾರಿನಲ್ಲಿ ಬಂದರು. ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೂ ಹಿತ್ತಲಿಗೆ ಹೋದೆವು. ಕೆಲಸ ಇಷ್ಟೇ. ಮೂರು ಬೋಲ್ಟುಗಳ ಮೇಲೆ ತಟ್ಟೆ ಕೂರುತ್ತದೆ. ಪ್ರತಿ ಬೋಲ್ಟಿಗೂ ತಟ್ಟೆಯ ಕೆಳಗೊಂದು ನಟ್ಟು, ಮೇಲೊಂದು. ಕೆಳಗಿನದನ್ನು ತಿರುಗಿಸಿದರೆ ಆ ಮೂಲೆ ಕೂದಲೆಳೆಯಷ್ಟು ಏಳುತ್ತದೆ ಅಥವಾ ಇಳಿಯುತ್ತದೆ. ರಸಮಟ್ಟದ ಗಾಜಿನೊಳಗಿನ ಗುಳ್ಳೆ ಎರಡು ಗೆರೆಯ ನಡುವೆ ನಿಂತರೆ ಆ ದಿಕ್ಕು ಮಟ್ಟ. ಆಮೇಲೆ ಅಡ್ಡಕ್ಕೆ ಇಟ್ಟು ಮತ್ತೆ ನೋಡಬೇಕು, ಮತ್ತೆ ತಿರುಗಿಸಬೇಕು. ಜೀವಮಾನವಿಡೀ ಮಾಡಿದ ಕೆಲಸ ಅದು. ಅವತ್ತು ಅವರೆದುರು ಮಾಡುವಾಗ ಮಾತ್ರ ಬೆರಳು ಬೆವರುತ್ತಿತ್ತು.

ಡಾಕ್ಟರು ಕುರ್ಚಿಯಲ್ಲಿ ಕೂತಿದ್ದರು. ‘ಗುಳ್ಳೆ ಎಲ್ಲಿದೆ?’ ಅಂತ ನನ್ನ ಹೆಂಡತಿಯನ್ನು ಕೇಳಿದರು.

‘ಸ್ವಲ್ಪ ಬಲಕ್ಕೆ,’ ಅಂದಳು.

‘ಎಷ್ಟು?’

‘ಗೆರೆ ಮುಟ್ಟಿಕೊಂಡಿದೆ.’

‘ತೀರಾ ಮಟ್ಟ ಇಲ್ದಿದ್ರೂ ನಡೀತದೆ,’ ಅಂತ ಅವರು ನನ್ನ ಕಡೆ ತಿರುಗಿದರು, ಮುಖ ನನ್ನ ಹೆಗಲಿನ ಆಚೆ. ‘ಟೆಲಿಸ್ಕೋಪು ತಿರುಗುವ ಕಡ್ಡಿ ಧ್ರುವದ ಕಡೆ ನಿಂತ್ರೆ ಆಯ್ತು. ಮಟ್ಟ ಇದ್ರೆ ಅದನ್ನ ಹೊಂದಿಸೂದು ಸಲೀಸು, ಅಷ್ಟೇ.’

ನಾನು ಒಂದು ಸುತ್ತಿನ ಹತ್ತರಲ್ಲೊಂದು ಭಾಗ ನಟ್ಟು ತಿರುಗಿಸಿದೆ.

‘ಈಗ ಎಲ್ಲಿದೆ ಹೇಳಿ ಟೀಚರೇ,’ ಅಂದರು ಮತ್ತೆ ಅವಳಿಗೆ.

ನನಗೆ ತಡೆಯಲಿಲ್ಲ. ನಾನಿಲ್ಲಿ ಮೊಣಕಾಲೂರಿ ಬೆವರು ಸುರಿಸುತ್ತಿದ್ದೇನೆ, ಈ ಮಹಾಶಯರು ಕುರ್ಚಿಯಲ್ಲಿ ಕೂತು ನನ್ನ ಹೆಂಡತಿಯನ್ನು ಆಳಿನ ಹಾಗೆ ಕೇಳುತ್ತಾರೆ, ಅವಳೂ ಸಂತೋಷದಲ್ಲಿ ಹೇಳುತ್ತಾಳೆ! ರಸಮಟ್ಟವನ್ನು ತೆಗೆದು ಅವರ ಮುಂದೆ ಹಿಡಿದೆ. ‘ನೀವೇ ನೋಡಿ ಡಾಕ್ಟ್ರೆ. ಕಂಬದ ಮೇಲೆ ನೀವೇ ಇಟ್ಟು, ನೀವೇ ಹೇಳಿ.’

ನನ್ನ ಹೆಂಡತಿ, ‘ರೀ,’ ಅಂದಳು. ಅಷ್ಟು ಗಡುಸಾಗಿ ಅವಳು ನನ್ನನ್ನು ಕರೆದದ್ದು ನೆನಪಿಲ್ಲ.

ಡಾಕ್ಟರು ಎದ್ದರು. ರಸಮಟ್ಟ ಇಸಕೊಂಡರು. ಕಂಬವನ್ನು ಮೊದಲು ಅಂಗೈಯಿಂದ ಸವರಿ, ತಟ್ಟೆಯ ಅಂಚು ಹುಡುಕಿ, ಅದರ ಮೇಲೆ ಇಟ್ಟರು. ಆಮೇಲೆ ಬಗ್ಗಿ, ಕೋಳಿ ಕಾಳು ನೋಡುವ ಹಾಗೆ ತಲೆಯನ್ನು ಒಂದು ಬದಿಗೆ ಹೊರಳಿಸಿದರು, ಮತ್ತೆ ಇನ್ನೊಂದು ಬದಿಗೆ. ಬಹಳ ಹೊತ್ತು ನೋಡಿದರು.

‘ನಡುವೆ ಇದೆ, ಅಲ್ದಾ?’ ಅಂದರು.

ಗುಳ್ಳೆ ನಡುವೆ ಇರಲಿಲ್ಲ. ರಸಮಟ್ಟವೇ ಸ್ವಲ್ಪ ಸೊಟ್ಟ ಕೂತು, ಗುಳ್ಳೆ ಪೂರ್ತಿ ಒಂದು ತುದಿಗೆ ಹೋಗಿ ನಿಂತಿತ್ತು. ಅಂಗನವಾಡಿಯ ಮಗುವಿಗೂ ಕಾಣುವಷ್ಟು.

ಅಮ್ಮನವರು ನನ್ನನ್ನು ಕರೆದು, ‘ಸ್ವಲ್ಪ ನೀರು ಸೇದಿ ಕೊಡ್ತೀರಾ?’ ಅಂದರು. ಮನೆಯೊಳಗೆ ನಲ್ಲಿ ಇತ್ತು, ಅವರಿಗೂ ಗೊತ್ತಿತ್ತು. ಬಾವಿಯ ಹತ್ತಿರ ಹೋದೆ, ಅವರೂ ಹಿಂದೆಯೇ ಬಂದರು.

‘ಕಣ್ಣಿನ ನಡುಭಾಗ ಹೋಗಿದೆ ಅವರದ್ದು,’ ಅಂದರು ಅಮ್ಮನವರು. ನಗು ಇರಲಿಲ್ಲ. ‘ಎರಡೂ ಕಣ್ಣು. ನೇರ ನೋಡಿದ್ರೆ ಅಲ್ಲಿ ಬರೀ ಮಬ್ಬಂತೆ, ಮನುಷ್ಯರ ಮುಖವೇ ಅಳಿಸಿಹೋಗ್ತದಂತೆ. ಬದಿಗೆ ನೋಡಿದ್ರೆ ಸುತ್ತಲಿಂದು ಕಾಣ್ತದೆ. ಹುಬ್ಬಳ್ಳಿಗೆ ಹೋಗಿ ಇಂಜೆಕ್ಷನ್ ಎಲ್ಲ ಆಯ್ತು. ಇನ್ನು ಇಷ್ಟೇ ಅಂದಿದ್ದಾರೆ.’

‘ಯಾವಾಗಿಂದ?’

‘ಶುರುವಾಗಿ ಎಷ್ಟು ಕಾಲ ಆಯ್ತೋ, ನನ್ನ ಹತ್ರವೂ ಹೇಳಿರಲಿಲ್ಲ. ಟೀಚರೇ ಮೊದಲು ಕಂಡುಹಿಡಿದದ್ದು. ಇವರು ಇಲ್ಲದ ನಕ್ಷತ್ರ ಇದೆ ಅಂದ್ರಂತೆ. ಯಾರಿಗೂ ಹೇಳಬೇಡಿ ಅಂತ ಟೀಚರ ಹತ್ರ ಭಾಷೆ ತಗೊಂಡ್ರು. ನಿಮಗೂ ಹೇಳಬಾರದು ಅಂತ.’

ತುಂಬಿದ ಕೊಡಕ್ಕೆ ನಾನು ಇನ್ನೂ ನೀರು ಸುರಿಯುತ್ತಿದ್ದೆ, ಹೊರಗೆ ಚೆಲ್ಲುತ್ತಿತ್ತು. ಆ ಕ್ಷಣ ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು ಮರುಕವಲ್ಲ. ಈ ಮನುಷ್ಯ ನನ್ನ ಹೆಂಡತಿಯ ಮುಖವನ್ನು ಇಷ್ಟು ದಿನ ಕಂಡೇ ಇಲ್ಲ ಎಂಬ ಸಮಾಧಾನ ಬಂತು. ಅದರ ಬೆನ್ನಿಗೇ ಇನ್ನೊಂದು ಬಂತು: ಇಂಥ ದೊಡ್ಡ ವಿಷಯವನ್ನು ಅವಳು ಅವರಿಗಾಗಿ ಒಂದು ಇಡೀ ಮಳೆಗಾಲ ನನ್ನಿಂದ ಮುಚ್ಚಿಟ್ಟಳು. ಸಮಾಧಾನ ಅಲ್ಲಿಗೇ ಮುಗಿಯಿತು.

ವಾಪಸ್ ಬಂದು ನಾನು ತಟ್ಟೆಯ ಕೆಲಸ ಮುಗಿಸಿದೆ. ಯಾವ ದಿಕ್ಕಿಗೆ ಇಟ್ಟರೂ ಗುಳ್ಳೆ ಅಲುಗದಷ್ಟು ಮಟ್ಟ ಮಾಡಿದೆ, ಬೇಕಾಗಿರಲಿಲ್ಲ, ಆದರೂ ಮಾಡಿದೆ. ಪ್ರತಿ ಸಲವೂ ಗುಳ್ಳೆ ಎಲ್ಲಿದೆ ಅಂತ ನಾನೇ ಗಟ್ಟಿಯಾಗಿ ಹೇಳಿದೆ. ಡಾಕ್ಟರು, ‘ಹಾಂ, ಹಾಂ,’ ಅನ್ನುತ್ತ ಕೇಳಿದರು.

ಟೆಲಿಸ್ಕೋಪು ಮೇಲೇರಿತು. ಕತ್ತಲಾಗುತ್ತಿದ್ದಂತೆ, ಅವರ ಕೋಣೆಯ ಹಾಗೆಯೇ ಗಾಲಿ ಹಚ್ಚಿಸಿದ್ದ ಮಾಡನ್ನು ದೂಡಿದೆವು. ಉತ್ತರದಲ್ಲಿ, ಕಾಳಿ ನದಿಯ ಕಡೆ, ಧ್ರುವ ನಕ್ಷತ್ರ ಕಂಡಿತು, ಬಡಕಲು ಚುಕ್ಕಿ. ಅವಳು ಗುರಿ ನೋಡುವ ಸಣ್ಣ ಕೊಳವೆಯಲ್ಲಿ ಕಣ್ಣಿಟ್ಟು ಎಡ, ಬಲ, ಮೇಲೆ ಅನ್ನುತ್ತಿದ್ದಳು, ನಾನು ತಿರುಪು ತಿರುಗಿಸುತ್ತಿದ್ದೆ. ಅಷ್ಟರಲ್ಲಿ ಅಮ್ಮನವರು ಒಳಗಿಂದ ಕರೆದರು ಅಂತ ಅವಳು ಹೋದಳು. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಸ್ಟೇಷನ್ನಿಗೆ ರೈಲು ಬಂತು. ಡಾಕ್ಟರು ಎದ್ದು ಅಂಗೈಯನ್ನು ಕಂಬದ ಮೇಲೆ ಒತ್ತಿ ಹಿಡಿದರು, ರೈಲು ನಿಂತು ಹೊರಡುವವರೆಗೂ.

‘ಎಂತದೂ ಇಲ್ಲ,’ ಅಂದರು. ‘ಸತ್ತ ಹಾಗೆ ನಿಂತಿದೆ. ನನ್ನದು ಇಷ್ಟು ಚಲೋ ಇರಲಿಲ್ಲ.’

ನಾನು ತಿರುಪಿನಿಂದ ಕೈ ತೆಗೆದೆ.

‘ಮಧ್ಯಾಹ್ನ ನಿಮಗೆ ಸಿಟ್ಟು ಬಂದಿತ್ತು,’ ಅಂದರು.

‘ನನಗೆ ಗೊತ್ತಿರಲಿಲ್ಲ ಡಾಕ್ಟ್ರೆ.’

‘ಗೊತ್ತಾದದ್ದು ಒಳ್ಳೇದಾಯ್ತು. ನನಗೂ ನಿಮ್ಮ ಮೇಲೆ ಸಿಟ್ಟಿತ್ತು. ಸಿಟ್ಟಲ್ಲ, ಹೊಟ್ಟೆಕಿಚ್ಚು.’

‘ನನ್ನ ಮೇಲೆ?’

‘ಎರಡು ಕಣ್ಣೂ ನೆಟ್ಟಗಿವೆ ನಿಮಗೆ. ಶನಿ ತೋರಿಸಿದ್ರೆ ಸ್ಟಿಕರ್ ಅಂದ್ರಿ. ನೋಡಿ ಒಂದು ಉಸಿರಾಗಿರಲಿಲ್ಲ, ಎದ್ದು ಹೋಗಿ ಜಗಲೀಲಿ ಚಾ ಕುಡಿದ್ರಿ. ಅವತ್ತು ನನಗೆ ಆ ಉಂಗುರ ಕಾಣೂದು ನಿಂತು ಎಷ್ಟೋ ದಿನ ಆಗಿತ್ತು. ಹೊಟ್ಟೆ ಹೇಗೆ ಉರೀತು ಗೊತ್ತಾ?’

ಅವರು ನಗುತ್ತಿರಲಿಲ್ಲ. ಮುಖ ನನ್ನ ಕಿವಿಯ ಕಡೆ ಇತ್ತು, ಹಾಗಾದರೆ ನನ್ನನ್ನೇ ನೋಡುತ್ತಿದ್ದರು.

‘ನನಗೂ ಉರೀತದೆ ಡಾಕ್ಟ್ರೆ,’ ಅಂದೆ. ಬಾಯಿಂದ ಬಂದುಬಿಟ್ಟಿತು. ‘ಅವಳು ನಿಮ್ಮ ಹತ್ರ ಮಾತಾಡಿದಷ್ಟು ನನ್ನ ಹತ್ರ ಮಾತಾಡೂದಿಲ್ಲ.’

ಅವರು ಕುರ್ಚಿ ತಡವಿ ಕೂತರು. ‘ನನಗೆ ಕಾಣೂದಿಲ್ಲ, ಅದಕ್ಕೆ ಹೇಳ್ತಾರೆ. ನಿಮಗೆ ಕಾಣ್ತದಲ್ಲ, ಅದಕ್ಕೆ ಹೇಳೂದಿಲ್ಲ.’

ಅದು ಸಮಾಧಾನದ ಮಾತೋ, ಬೈಗುಳವೋ ಇವತ್ತಿಗೂ ನನಗೆ ತಿಳಿದಿಲ್ಲ.

ಅವಳು ಬಂದಳು. ಕಂಬ ನಿಂತಿತ್ತು, ಟೆಲಿಸ್ಕೋಪು ನಿಂತಿತ್ತು. ಗುರುಗ್ರಹಕ್ಕೆ ತಿರುಗಿಸಿದಳು, ಡಾಕ್ಟರಿಗೆ ಹೇಳತೊಡಗಿದಳು. ಮೊದಲ ಸಲ ನಾನು ಅಡಗದೆ, ಎದುರಿಗೇ ನಿಂತು ಕೇಳಿದೆ. ‘ಎರಡು ಪಟ್ಟೆ ಡಾಕ್ಟ್ರೆ. ಮೇಲಿಂದು ತೆಳು, ಹಳೇ ಬೆಲ್ಲದ ಬಣ್ಣ. ಕೆಳಗಿಂದು ಅಗಲ, ಅಂಚು ಹರಿದ ಹಾಗಿದೆ, ಸೀರೆ ಸೆರಗು ಮುಳ್ಳಿಗೆ ಸಿಕ್ಕಿದ ಹಾಗೆ. ಉಪಗ್ರಹ ಮೂರು ಒಂದೇ ಕಡೆ, ಒಂದು ಒಂಟಿ. ಒಂಟಿಯದ್ದೇ ಬೆಳಕು ಜಾಸ್ತಿ.’ ಡಾಕ್ಟರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಡುನಡುವೆ, ‘ಹರಿದದ್ದು ಎಡಕ್ಕಾ, ಬಲಕ್ಕಾ?’ ಅನ್ನುವರು. ಅವಳು ಮತ್ತೆ ನೋಡಿ ಹೇಳುವಳು. ದಿನಾ ಸಂಜೆ ಫೋನಿನಲ್ಲಿ ನಡೆಯುತ್ತಿದ್ದದ್ದು ಇದು. ತಪ್ಪೇನಿತ್ತು ಅದರಲ್ಲಿ? ಏನೂ ಇರಲಿಲ್ಲ. ತಪ್ಪಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಅವರು ಹೋದ ಮೇಲೆ ಅವಳು ಊಟಕ್ಕೆ ಬಡಿಸುತ್ತ, ‘ನಿಮಗೆ ಹೇಳದೇ ಇದ್ದದ್ದು ನನಗೂ ಕಷ್ಟವೇ ಆಯ್ತು. ಭಾಷೆ ಕೊಟ್ಟಿದ್ದೆ,’ ಅಂದಳು.

‘ನಾನು ಯಾರಿಗೆ ಹೇಳ್ತಿದ್ದೆ?’

‘ಯಾರಿಗೂ ಹೇಳ್ತಿರಲಿಲ್ಲ. ಆದ್ರೆ ಮರುದಿನದಿಂದ ಅವರ ಕೈ ಹಿಡಿದು ನಡೆಸ್ತಿದ್ರಿ. ಅದೇ ಅವರಿಗೆ ಬೇಡಾಗಿತ್ತು.’

ಅವಳು ನನ್ನ ಬಗ್ಗೆ ಇಷ್ಟು ತಿಳಿದಿದ್ದಾಳೆ ಅಂತ ಖುಷಿಯಾಗಬೇಕಿತ್ತು. ಅವರ ಬಗ್ಗೆ ಎಷ್ಟು ತಿಳಿದಿದ್ದಾಳೆ ಅನ್ನುವುದೇ ತಲೆಯಲ್ಲಿ ಕೂತಿತು.

ಈಗ ಶನಿವಾರ ಶನಿವಾರ ಡಾಕ್ಟರನ್ನು ಬೊಬ್ರುವಾಡದಿಂದ ಕರಕೊಂಡು ಬರುವ ಕೆಲಸ ನನ್ನದು. ನಾನೇ ಕೇಳಿ ತೆಗೆದುಕೊಂಡದ್ದು. ಬಾಡಿಗೆ ಕಾರು ಬೇಡ, ನಾನಿದ್ದೇನಲ್ಲ ಅಂದೆ. ಅವಳಿಗೆ ಆಶ್ಚರ್ಯವಾಯಿತು. ನನಗೆ ಮನಸ್ಸಿನಲ್ಲಿ ಇದ್ದದ್ದು, ಅವರು ಬರುವುದೂ ಹೋಗುವುದೂ ನನ್ನ ಕೈಯಲ್ಲಿರಲಿ ಅಂತ. ಆದರೆ ಕಾರಿನಲ್ಲಿ ಸುಮ್ಮನೆ ಕೂರುವ ಮನುಷ್ಯರಲ್ಲ ಅವರು. ಅಂಕೋಲೆ ಬಿಟ್ಟ ಕೂಡಲೇ ಶುರು. ಎಮ್ಮೆಯ ಹೆರಿಗೆಯ ಕತೆ, ನಡುವೆ ಪ್ರಶ್ನೆ. ಅಮದಳ್ಳಿ ದಾಟಿ ಸಮುದ್ರ ಕಂಡಾಗ, ‘ಇವತ್ತು ನೀರಿನ ಬಣ್ಣ ಹೇಗಿದೆ?’ ಅಂತ ಕೇಳುತ್ತಾರೆ.

ಮೊದಲ ಸಲ, ‘ಬೂದಿ ಬಣ್ಣ,’ ಅಂದೆ.

‘ಬೂದಿ ಅಂದ್ರೆ? ಒಲೆಯ ಬೂದಿಯಾ?’

ಕಾರು ನಿಧಾನ ಮಾಡಿ ನೋಡಿದೆ. ‘ಅಲ್ಲ. ಸಿಮೆಂಟಿನ ಗಿಲಾವು ಇನ್ನೂ ಅರ್ಧ ಹಸಿ ಇರ್ತದಲ್ಲ, ಆ ಬಣ್ಣ. ದಡದ ಹತ್ರ ಒಣಗಿದ ಹಾಗೆ ಬಿಳಿಚಿದೆ.’

‘ಹಾಂ,’ ಅಂದರು. ‘ಈಗ ಕಂಡಿತು.’

ಆಮೇಲಿಂದ ನಾನು ಹೋಗುವಾಗಲೇ, ಒಬ್ಬನೇ ಇರುವಾಗಲೇ, ಏನು ಹೇಳಬಹುದು ಅಂತ ದಾರಿ ನೋಡುತ್ತ ಹೋಗುತ್ತೇನೆ. ಬಿಣಗಾದ ಸುರಂಗದೊಳಗೆ ಅವರು ಮಾತು ನಿಲ್ಲಿಸುತ್ತಾರೆ, ಕತ್ತಲಿನಲ್ಲಿ ಎಲ್ಲರೂ ಒಂದೇ ಅನ್ನುತ್ತಾರೆ, ಹೊರಗೆ ಬಂದ ಮೇಲೆ ಮುಂದುವರಿಸುತ್ತಾರೆ. ಆ ದಾರಿಯಲ್ಲಿ ಅವರು ನನಗೆ ಇಷ್ಟವಾಗುತ್ತಾರೆ, ಅದನ್ನು ಅಲ್ಲ ಅನ್ನಲಾರೆ. ಶಿರವಾಡದಲ್ಲಿ ಕಾರಿನ ಸದ್ದು ಕೇಳಿ ನನ್ನ ಹೆಂಡತಿ ಗೇಟಿಗೆ ಬರುತ್ತಾಳೆ. ಮೊದಲು ಅವರ ಕಡೆಯ ಬಾಗಿಲು ತೆಗೆಯುತ್ತಾಳೆ. ಆಗ ಮತ್ತೆ ಹೊಟ್ಟೆಯಲ್ಲಿ ಅದೇ.

ಕಳೆದ ಶನಿವಾರ ಮೋಡ ಕವಿದು ಬೇಗ ಮಾಡು ಮುಚ್ಚಬೇಕಾಯಿತು. ಮೂವರೂ ಊಟ ಮಾಡಿದೆವು. ಡಾಕ್ಟರನ್ನು ಬಿಟ್ಟು ಬರಲು ಕಾರಿನ ಕೀಲಿ ತೆಗೆದೆ.

‘ನಾನೂ ಬತ್ತೆ,’ ಅಂದಳು ಅವಳು. ‘ಆಕಾಶ ಇಲ್ಲ, ಇಲ್ಲಿ ಕೂತು ಎಂತ ಮಾಡೂದು?’

‘ಬೇಡ,’ ಅಂದೆ. ‘ಹಿಂದಿನ ಸೀಟಿನ ತುಂಬ ಸಾಮಾನು ಇದೆ.’

ಅವಳು ಗೇಟಿನಲ್ಲಿ ನಿಂತು ಕಾರಿನ ಒಳಗೆ ಇಣುಕಿ ನೋಡಿದಳು. ಹಿಂದಿನ ಸೀಟು ಖಾಲಿ ಇತ್ತು. ಪಕ್ಕಕ್ಕೆ ಸರಿದು ಗೇಟನ್ನು ಪೂರ್ತಿ ತೆಗೆದಳು. ಡಾಕ್ಟರ ಸೀಟಿನ ಬೆಲ್ಟು ನಾನೇ ಬಗ್ಗಿ ಹಾಕಿದೆ. ಕಾರು ರಸ್ತೆಗಿಳಿದ ಮೇಲೆ ಅವರು, ‘ಹಾಂ, ಹೇಳಿ, ಮೋಡ ಹೇಗಿದೆ?’ ಅಂದರು.